ನಲವತ್ತೆರಡು ಹೆಬ್ಬೆಟ್ಟು

ನನಗೆ ಅನುಮಾನದ ರೋಗ. ಹುಣಸೂರಿನ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವಳಿಗೆ ಇನ್ಯಾವ ರೋಗ ಬರಬೇಕು ಹೇಳಿ. ಪರೀಕ್ಷೆಯ ದಿನ ಕೊನೇ ಬೆಂಚಿನವನು ಕೆಮ್ಮಿದರೆ ನಾನು ಅವನನ್ನು ನೋಡುತ್ತಿರಲಿಲ್ಲ, ಅವನ ಮುಂದೆ ಕೂತವನನ್ನು ನೋಡುತ್ತಿದ್ದೆ. ಈಗಲೂ ಹಾಲಿನವನು ಎರಡು ದಿನ ನಗುನಗುತ್ತಾ ಮಾತಾಡಿಸಿದರೆ ಮೂರನೆಯ ದಿನ ಹಾಲನ್ನು ಅಳೆದು ನೋಡುತ್ತೇನೆ. ನಿವೃತ್ತಿಯಾದ ಮೇಲೆ ಇದು ಕಡಿಮೆಯಾಗಬೇಕಿತ್ತು. ಆದರೆ ಮೈಸೂರಿನ ಒಂದು ವಿಶ್ವವಿದ್ಯಾಲಯದವರು ನನ್ನನ್ನು ಕರೆದು, ಈ ರೋಗಕ್ಕೇ ಒಂದು ಕುರ್ಚಿ ಹಾಕಿ ಕೂರಿಸಿಬಿಟ್ಟರು.

ಅದಕ್ಕೆ ಎಥಿಕ್ಸ್ ಕಮಿಟಿ ಅನ್ನುತ್ತಾರೆ. ಜನರ ರಕ್ತ ತೆಗೆದು, ಜನರಿಗೆ ಪ್ರಶ್ನೆ ಕೇಳಿ ಸಂಶೋಧನೆ ಮಾಡುವವರು ಮೊದಲು ಈ ಕಮಿಟಿಯ ಒಪ್ಪಿಗೆ ಪಡೆಯಬೇಕು. ಯಾರಿಗೂ ಮೋಸವಾಗುತ್ತಿಲ್ಲ, ಯಾರ ಮೇಲೂ ಬಲವಂತವಿಲ್ಲ ಎಂಬುದನ್ನು ಕಮಿಟಿ ನೋಡಿಕೊಳ್ಳಬೇಕು. ಅದರಲ್ಲಿ ಡಾಕ್ಟರು, ವಕೀಲರು, ಪ್ರೊಫೆಸರುಗಳು ಇರುತ್ತಾರೆ. ಇವ್ಯಾವುದೂ ಅಲ್ಲದ ಒಬ್ಬರು ಇರಲೇಬೇಕು ಎಂಬ ನಿಯಮವೂ ಇದೆ. ಅವರನ್ನು ಸಾಮಾನ್ಯ ಜನರ ಪ್ರತಿನಿಧಿ ಎಂದು ಕರೆಯುತ್ತಾರೆ. ಆ ಒಬ್ಬಳು ನಾನು, ಪ್ರಮೀಳಾ. ಮೊದಮೊದಲು ನನ್ನ ಮುಂದೆ ಬಿಸ್ಕತ್ತಿನ ತಟ್ಟೆ ಇಟ್ಟು, ಮಾತು ಮಾತ್ರ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದರು.

ಕಳೆದ ಮೇ ತಿಂಗಳಲ್ಲಿ ಭಾವನಾಳ ಫೈಲು ಬಂತು. ಕೆ.ಆರ್. ನಗರದ ಕಡೆಯ ಭೇರ್ಯದ ಹುಡುಗಿ, ಪಿಎಚ್‌.ಡಿ. ಮಾಡುತ್ತಿದ್ದಳು. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಂಗಸರಿಗೆ ತಲೆಸುತ್ತು, ವಾಂತಿ ಬರುತ್ತದಲ್ಲ, ಸೊಪ್ಪಿನ ವಿಷ ಚರ್ಮದ ಮೂಲಕ ಎಷ್ಟು ರಕ್ತಕ್ಕೆ ಇಳಿಯುತ್ತದೆ ಎಂದು ಅಳೆಯುವುದು ಅವಳ ವಿಷಯ. ಪಿರಿಯಾಪಟ್ಟಣದ ಕಡೆಯ ನನ್ನ ತವರಿನಲ್ಲಿ ಅಮ್ಮ ಸೊಪ್ಪು ಕಟ್ಟುತ್ತಿದ್ದಳು, ಜೊತೆಗೆ ನಾನೂ ಕಟ್ಟಿದ್ದೇನೆ. ವಾಂತಿ ಮಾಡಿಕೊಂಡರೆ ಮನೆಯವರು ಮೈಗಳ್ಳತನ ಅನ್ನುತ್ತಿದ್ದರು. ನಲವತ್ತು ವರ್ಷದ ಮೇಲೆ ಒಬ್ಬಳು ಬಂದು ಅದು ಮೈಗಳ್ಳತನವಲ್ಲ ಅನ್ನಲು ಹೊರಟಿದ್ದಳು.

ಆ ದಿನ ನಾನು ಮೊದಲ ಬಾರಿಗೆ ಬಾಯಿಬಿಟ್ಟೆ. "ಒಪ್ಪಿಗೆ ಕೇಳೋಕೆ ಮನೆಮನೆಗೆ ಹೋಗಬಾರದು. ಹೋದ್ರೆ ಜಗಲಿ ಮೇಲೆ ಕೂತಿರೋ ಗಂಡಸರು ಉತ್ತರ ಹೇಳ್ತಾರೆ. ಹೆಂಗಸರೇ ಸೇರೋ ಕಡೆ ಹೋಗಿ ಕೇಳಲಿ," ಅಂದೆ. ಕಮಿಟಿಯ ಕಾರ್ಯದರ್ಶಿ ಡಾಕ್ಟರ್ ಶಿವಶಂಕರ ತಲೆಯಾಡಿಸಿ, "ಇದು ಒಳ್ಳೆ ಮಾತು, ಬರ್ಕೊಳ್ಳಿ," ಅಂದರು. ನಡಾವಳಿ ಪುಸ್ತಕದಲ್ಲಿ ನನ್ನ ಹೆಸರಿನ ಸಮೇತ ಆ ಮಾತು ಏರಿತು. ಮನೆಗೆ ಬಂದು ತಂಗಿಗೆ ಫೋನು ಮಾಡಿ ಹೇಳಿಕೊಂಡೆ ಕೂಡ.

ಸೆಪ್ಟೆಂಬರಿನಲ್ಲಿ ಕಮಿಟಿ ಮತ್ತೆ ಸೇರಿತು. ನಡೆಯುತ್ತಿರುವ ಸಂಶೋಧನೆಗಳ ಒಪ್ಪಿಗೆ ಪತ್ರಗಳನ್ನು ನಡುವೆ ಒಮ್ಮೆ ತರಿಸಿ ನೋಡುವುದು ರೂಢಿ. ನೋಡುವುದು ಅಂದರೆ ಕಟ್ಟನ್ನು ಬಿಚ್ಚಿ, ಮೇಲಿನ ಎರಡು ಹಾಳೆ ತಿರುವಿ, ಮತ್ತೆ ಕಟ್ಟುವುದು. ನಾನು ಭಾವನಾಳ ಕಟ್ಟನ್ನು ಎಳೆದುಕೊಂಡು ಮೊದಲ ಹಾಳೆಯಿಂದ ಶುರು ಮಾಡಿದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೀರನಕೊಪ್ಪಲಿನ ನಲವತ್ತೆರಡು ಹೆಂಗಸರು. ಸಹಿ ಹಾಕಿದವರು ಯಾರೂ ಇಲ್ಲ, ಎಲ್ಲವೂ ಹೆಬ್ಬೆಟ್ಟು. ಒಂದೊಂದು ಹೆಬ್ಬೆಟ್ಟೂ ಪಾಠದ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಹಾಗಿತ್ತು. ಗೆರೆ ಗೆರೆ ಎಣಿಸಬಹುದಿತ್ತು. ತಾರೀಕು ನೋಡಿದೆ, ಆಗಸ್ಟ್ ಹನ್ನೊಂದು ಮತ್ತು ಹನ್ನೆರಡು.

ಆಗಸ್ಟಿನಲ್ಲಿ ಹೊಗೆಸೊಪ್ಪಿನ ಊರಲ್ಲಿ ಒಬ್ಬ ಹೆಂಗಸಿನ ಹೆಬ್ಬೆಟ್ಟೂ ಹೀಗೆ ಮೂಡಲು ಸಾಧ್ಯವಿಲ್ಲ. ಸೊಪ್ಪು ಮುರಿಯಲು ಶುರುವಾದ ವಾರಕ್ಕೆಲ್ಲ ಕೈಗೆ ಅಂಟು ಹತ್ತುತ್ತದೆ. ಮೊದಲು ಹಸಿರು, ಆಮೇಲೆ ಕಪ್ಪು, ಆಮೇಲೆ ಡಾಂಬರು ಬಳಿದಂತೆ. ಸೋಪಿಗೂ ಹೋಗುವುದಿಲ್ಲ. ಬೆರಳಿನ ಗೆರೆಗಳೆಲ್ಲ ಅದರಲ್ಲಿ ಮುಚ್ಚಿಹೋಗುತ್ತವೆ. ನನ್ನ ಶಾಲೆಯ ಅಂಕಪಟ್ಟಿಯ ಮೇಲೆ ಅಮ್ಮ ಒತ್ತಿಕೊಟ್ಟ ಹೆಬ್ಬೆಟ್ಟು ಬರೀ ಒಂದು ಕಪ್ಪು ಮಚ್ಚೆ. ಮೇಷ್ಟ್ರು ಅದನ್ನು ತರಗತಿಗೆಲ್ಲ ತೋರಿಸಿ, ಇದು ಹೆಬ್ಬೆಟ್ಟೋ ಹಲ್ಲಿ ಬಿದ್ದದ್ದೋ ಎಂದು ನಕ್ಕಿದ್ದರು. ಆ ನಗು ನನಗೆ ಮರೆತಿಲ್ಲ.

ಇನ್ನೂ ಒಂದಿತ್ತು. ಹೆಬ್ಬೆಟ್ಟು ಒತ್ತಿಸಿದರೆ ಪಕ್ಕದಲ್ಲಿ ಓದುಬರಹ ಬಲ್ಲ ಒಬ್ಬ ಸಾಕ್ಷಿ ಸಹಿ ಹಾಕಬೇಕು. ನಲವತ್ತೆರಡು ಹಾಳೆಗೂ ಸಾಕ್ಷಿ ಒಬ್ಬನೇ, ಷಣ್ಮುಖಪ್ಪ. ಎರಡೇ ದಿನದಲ್ಲಿ ನಲವತ್ತೆರಡು ಜನಕ್ಕೆ ನಾಲ್ಕು ಪುಟದ ಕಾಗದ ಓದಿ ಹೇಳಿ, ಒಪ್ಪಿಸಿ, ರಕ್ತವನ್ನೂ ತೆಗೆದರಂತೆ. ನಾನು ಹಾಳೆಗಳನ್ನು ಮೇಜಿನ ಮೇಲೆ ಇಸ್ಪೀಟು ಎಲೆಯಂತೆ ಹರಡಿದೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಕಳ್ಳತನ ಸಿಕ್ಕಿತೆಂಬ ಹಳೆಯ ಖುಷಿ.

"ಮೇಡಂ, ಹೆಬ್ಬೆಟ್ಟು ಚೆನ್ನಾಗಿ ಮೂಡಿದ್ರೆ ಅದೂ ತಪ್ಪಾ?" ಅಂದರು ಶಿವಶಂಕರ.

"ಹೌದು ಡಾಕ್ಟ್ರೇ, ತಪ್ಪು. ಇವು ಸೊಪ್ಪು ಕಟ್ಟೋರ ಬೆರಳಲ್ಲ. ಯಾರೋ ನೆರಳಲ್ಲಿ ಕೂತು ಒತ್ತಿದ್ದಾರೆ."

ಅಂಟಿನ ಕಥೆ ಹೇಳಿದೆ. ವಕೀಲರು ಕನ್ನಡಕ ಏರಿಸಿ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಭಾವನಾಳನ್ನು ಒಳಗೆ ಕರೆಸಿದರು. ತೆಳ್ಳಗಿನ ಹುಡುಗಿ, ಹಣೆಯಲ್ಲಿ ಸಣ್ಣ ವಿಭೂತಿ ಗೆರೆ. ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಷಣ್ಮುಖಪ್ಪ ಅಂದ್ರೆ ಯಾರಮ್ಮ?" ಎಂದು ಕೇಳಿದೆ.

"ಆ ಊರಿನೋರು ಮೇಡಂ. ತುಂಬ ಸಹಾಯ ಮಾಡಿದ್ರು."

"ನಿಮಗೇನಾಗಬೇಕು? ನಿಮ್ಮೋರಾ?"

"ಏನೂ ಆಗಬೇಕಾಗಿಲ್ಲ ಮೇಡಂ."

"ಈ ಹೆಬ್ಬೆಟ್ಟೆಲ್ಲ ಆ ಹೆಂಗಸರದ್ದೇನಾ?"

"ಅವರದ್ದೇ. ನನ್ನ ಕಣ್ಣೆದುರೇ ಒತ್ತಿದ್ರು. ಎಲ್ಲರೂ ಒಂದೇ ಕಡೆ ಸೇರ್ತಾರೆ, ನೀವೇ ಹೇಳಿದ್ರಲ್ಲ..."

"ಜಾಗದ ವಿಚಾರ ಬಿಡು. ನಾನು ಕೇಳ್ತಿರೋದು ಬೆರಳಿನ ವಿಚಾರ," ಎಂದು ಅವಳ ಮಾತನ್ನು ಕತ್ತರಿಸಿದೆ.

ಕೊನೆಗೆ ಶಿವಶಂಕರ ಹೇಳಿದರು, ಪ್ರಮೀಳಾ ಮೇಡಂ ಊರಿಗೆ ಹೋಗಿ ವಿಚಾರಿಸಿಕೊಂಡು ಬರಲಿ, ಮುಂದಿನ ಗುರುವಾರ ವರದಿ ಕೊಡಲಿ. ಹೆಬ್ಬೆಟ್ಟು ಸುಳ್ಳೆಂದಾದರೆ ಪಿಎಚ್‌.ಡಿ. ನೋಂದಣಿಯೇ ರದ್ದು, ಆಮೇಲೆ ಬೇರೆ ಯಾವ ವಿಶ್ವವಿದ್ಯಾಲಯದಲ್ಲೂ ಸೇರಿಸಿಕೊಳ್ಳುವುದಿಲ್ಲ. ಇದನ್ನು ಅವಳೆದುರೇ ಹೇಳಿದರು. ಭಾವನಾ ಅಳಲಿಲ್ಲ. "ಆಯ್ತು ಸರ್," ಎಂದು ಹೊರಗೆ ಹೋದಳು. ಅಳಲಿಲ್ಲವಲ್ಲ ಎಂಬುದೂ ನನಗೆ ಅನುಮಾನಕ್ಕೇ ಕಾರಣವಾಯಿತು.

ಮಂಗಳವಾರ ಬೆಳಿಗ್ಗೆ ಪಿರಿಯಾಪಟ್ಟಣದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದು ಚಿತ್ರ ಓಡುತ್ತಿತ್ತು. ಷಣ್ಮುಖಪ್ಪನ ಮನೆಯ ನಡುಮನೆ, ಮೇಲೆ ಫ್ಯಾನು, ಕೆಳಗೆ ಇಂಕಿನ ಪ್ಯಾಡು, ಸುತ್ತ ಅವನ ಹೆಂಡತಿ ಮಕ್ಕಳು. ಒಬ್ಬರಿಗೆ ಹತ್ತು ಬೆರಳಿನಂತೆ ನಾಲ್ಕು ಜನಕ್ಕೆ ನಲವತ್ತು, ಉಳಿದ ಎರಡು ಷಣ್ಮುಖಪ್ಪನದು. ಲೆಕ್ಕ ಸರಿಹೋಯಿತೆಂದು ಸಮಾಧಾನವಾಯಿತು. ನಡುವೆ ಇಳಿದು ಆಟೋ ಹಿಡಿದೆ.

ಬೀರನಕೊಪ್ಪಲಿನ ಊರಾಚೆ, ಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದ ಚಪ್ಪರದಲ್ಲಿ ಎಂಟು ಹತ್ತು ಹೆಂಗಸರು ಕೂತಿದ್ದರು. ಎಲ್ಲರ ಮುಂದೆಯೂ ಹಸಿ ಎಲೆಯ ರಾಶಿ. ಕಡ್ಡಿಯ ಎರಡೂ ಕಡೆಗೆ ಎಲೆ ಜೋಡಿಸಿ ದಾರ ಸುತ್ತುತ್ತಿದ್ದರು. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು, ವಾಂತಿಗೆ ಮೊದಲು ಬರುವ ನೀರು. ಅವರ ಕೈಗಳನ್ನು ನೋಡಿದೆ. ಒಂದೊಂದು ಕೈಯೂ ಮಣಿಕಟ್ಟಿನವರೆಗೆ ಕಪ್ಪು. ಬಂದದ್ದು ಸಾರ್ಥಕ ಅನ್ನಿಸಿತು.

"ಯೂನಿವರ್ಸಿಟಿಯಿಂದ ಬಂದಿದ್ದೀನಿ ಕಣವ್ವ. ಹೋದ ತಿಂಗಳು ನಿಮ್ಮ ರಕ್ತ ತಗೊಂಡು ಹೋದ್ರಲ್ಲ, ಅದರ ವಿಚಾರ," ಅಂದೆ.

ಎಲ್ಲರ ಕೈಯೂ ಒಂದೇ ಸಲಕ್ಕೆ ಚುರುಕಾಯಿತು. ಇನ್‌ಸ್ಪೆಕ್ಟರು ಶಾಲೆಗೆ ಬಂದಾಗ ಮಕ್ಕಳು ಹೀಗೇ ಬರೆಯಲು ತೊಡಗುವುದು. ಹತ್ತಿರದಲ್ಲಿದ್ದವಳ ಹೆಸರು ಕೇಳಿದೆ, ಚಿಕ್ಕಬೀರಮ್ಮ ಅಂದಳು. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಅವಳ ಹಾಳೆ ನನ್ನ ಚೀಲದಲ್ಲಿ ಮೇಲೆಯೇ ಇತ್ತು.

"ರಕ್ತನೂ ಕೊಟ್ಟಿವ್ನಿ, ಎಬ್ಬೆಟ್ಟೂ ಒತ್ತಿವ್ನಿ ಕಣವ್ವ. ನಂದೇನೂ ಬಾಕಿ ಇಲ್ಲ," ಅಂದಳು.

"ನಾವೂ ಕೊಟ್ಟಿವಿ. ರಕ್ತನೂ ಕೊಟ್ಟಿವಿ, ಎಬ್ಬೆಟ್ಟೂ ಒತ್ತಿವಿ," ಎಂದು ಉಳಿದವರೂ ಹೇಳಿದರು. ಅದೇ ಮಾತು, ಅದೇ ವರಸೆ. ಯಾರೋ ಬಾಯಿಪಾಠ ಮಾಡಿಸಿದ್ದಾರೆ, ಸಂಶಯವೇ ಇಲ್ಲ ಅಂದುಕೊಂಡೆ.

ಚೀಲದಿಂದ ಇಂಕಿನ ಪ್ಯಾಡನ್ನೂ ಬಿಳಿ ಹಾಳೆಯನ್ನೂ ತೆಗೆದೆ. "ಇಲ್ಲೊಂದು ಒತ್ತಿ ನೋಡೋಣ."

ಚಿಕ್ಕಬೀರಮ್ಮ ಒಮ್ಮೆ ನನ್ನ ಮುಖ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಸೀರೆಗೆ ಬೆರಳು ಒರೆಸಿಕೊಂಡು ಒತ್ತಿದಳು. ನಾನು ಹೇಳಿದ ಹಾಗೇ ಆಯಿತು, ಬರೀ ಕಪ್ಪು ಮಚ್ಚೆ, ಒಂದು ಗೆರೆಯೂ ಇಲ್ಲ. ಅದರ ಪಕ್ಕಕ್ಕೆ ಫೈಲಿನ ಹಾಳೆ ಹಿಡಿದೆ.

"ಇದು ಈಗ ಒತ್ತಿದ್ದು. ಇದು ಆಗಸ್ಟಿನಲ್ಲಿ ಒತ್ತಿದ್ದು. ಎರಡೂ ನಿಮ್ಮದೇನಾ?"

"ನಂದೇ."

"ಇದರಲ್ಲಿ ಗೆರೆ ಎಷ್ಟು ಚೆನ್ನಾಗಿ ಮೂಡಿದೆ ನೋಡಿ."

"ಅವತ್ತು ತೊಳ್ದಿದ್ದೆ ಕಣವ್ವ."

"ಸುಳ್ಳು ಹೇಳಬೇಡಿ. ಈ ಅಂಟು ತೊಳೆದರೆ ಹೋಗುತ್ತಾ? ನಾನೂ ಸೊಪ್ಪು ಕಟ್ಟಿದೋಳೇ."

ಚಿಕ್ಕಬೀರಮ್ಮನಿಗೆ ಸಿಟ್ಟು ಬಂತು. ಕೈಲಿದ್ದ ಕಡ್ಡಿಯನ್ನು ಕೆಳಗಿಟ್ಟಳು. "ನೀರ್ಗೆ ಓಯ್ತದೆ ಅಂತ ಯಾರಂದೋರು? ಅದ್ರ ಇಂದಿನ್ ದಿನ ಸಂಜೆಗೇ ಕೆಲ್ಸ ಬುಟ್ಟು, ಉಣ್ಸೆಣ್ಣು ಬೂದಿ ಆಕಿ ಉಜ್ಜಿದ್ದು. ಚರ್ಮ ಉರಿ ಏಳೋಗಂಟ ಉಜ್ಬೇಕು. ಇಲ್ದಿದ್ರೆ ಮಿಷನ್ನು ತಗಳಕಿಲ್ಲ."

"ಯಾವ ಮಿಷನ್ನು?"

ಚಪ್ಪರದಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಇಷ್ಟು ಹೊತ್ತು ಇದ್ದ ಹೆದರಿಕೆ ಆ ಮುಖಗಳಲ್ಲಿ ಇರಲಿಲ್ಲ.

"ಅಕ್ಕಿ ಮಿಷನ್ನು ಕಣವ್ವ. ನೀವು ಸೊಸೈಟಿಗೆ ಓಗಕಿಲ್ವಾ?" ಎಂದು ಕೇಳಿದಳು ಚಿಕ್ಕಬೀರಮ್ಮ.

ನಾನು ಹೋಗುವುದಿಲ್ಲ. ನನ್ನದು ಪಿಂಚಣಿಯ ಮನೆ, ಅಕ್ಕಿ ಅಂಗಡಿಯಿಂದ ಬರುತ್ತದೆ. ಅಮ್ಮನ ಕಾಲದಲ್ಲಿ ಸೊಸೈಟಿಯಲ್ಲಿ, ಅಂದರೆ ನ್ಯಾಯಬೆಲೆ ಅಂಗಡಿಯಲ್ಲಿ, ಕಾರ್ಡು ತೋರಿಸಿದರೆ ಸಾಕಿತ್ತು. ಈಗ ತಿಂಗಳಿಗೊಮ್ಮೆ ಮಿಷನ್ನಿಗೆ ಹೆಬ್ಬೆಟ್ಟು ಒತ್ತಬೇಕು, ಅದು ಗೆರೆ ಗುರುತಿಸಿದರೆ ಮಾತ್ರ ಅಕ್ಕಿ. ಸೊಪ್ಪಿನ ಕಾಲದಲ್ಲಿ ಅಂಟಿನ ಕೈಯನ್ನು ಮಿಷನ್ನು ಗುರುತಿಸುವುದಿಲ್ಲ. ಹಾಗೆ ಎರಡು ವರ್ಷ ಬರಿಗೈಯಲ್ಲಿ ವಾಪಸು ಬಂದ ಮೇಲೆ ಊರಿನ ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಅಕ್ಕಿಯ ಹಿಂದಿನ ದಿನ ಸಂಜೆ ಊರಿಗೆ ಊರೇ ಹುಣಸೆಹಣ್ಣು ಬೂದಿ ಹಿಡಿದು ಕೂರುತ್ತದಂತೆ. ಮಾರನೆಯ ದಿನ ಅಕ್ಕಿ ತರುವ ತನಕ ಯಾರೂ ಎಲೆ ಮುಟ್ಟುವುದಿಲ್ಲ. ಇದನ್ನು ಅವರು ಸೊಸೆಯಾಗಿ ಬಂದ ಹೊಸಬಳಿಗೆ ಹೇಳಿಕೊಡುವಂತೆ ನನಗೆ ಹೇಳಿದರು.

"ಅಂದರೆ ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ಎಲ್ಲಿ?"

"ಇನ್ನೆಲ್ಲಿ, ಸೊಸೈಟಿಲೇಯ. ಮಿಷನ್ ಮಗ್ಗುಲಾಗೆ ಆ ಉಡ್ಗಿ ಟೇಬಲ್ ಆಕಂಡು ಕುಂತಿತ್ತು. ಒಳ್ಳೆ ಉಡ್ಗಿ ಪಾಪ, ಬೇಜಾರಿಲ್ದಂಗೆ ಏನೋ ಓದ್ತಿತ್ತು. ಮಿಷನ್ಗೊಂದು ಒತ್ತಿ, ಅಲ್ಲೊಂದು ಒತ್ತಿ, ರಕ್ತ ಕೊಟ್ಟು, ಅಕ್ಕಿ ಇಸ್ಕಂಡು ಬಂದೋ."

"ಕಾಗದಕ್ಕೆ ಒತ್ತಲ್ಲ, ರಕ್ತ ಕೊಡಲ್ಲ ಅಂದಿದ್ರೆ?"

"ಅಂಗಂದ್ರೆ ಅಕ್ಕಿ?"

"ಅದಕ್ಕೂ ಅಕ್ಕಿಗೂ ಸಂಬಂಧವಿಲ್ಲ, ಬೇಡ ಅಂದರೂ ನಷ್ಟವಿಲ್ಲ ಅಂತ ಆ ಹುಡುಗಿ ಓದಲಿಲ್ವಾ?"

"ಓದಿರ್ಬೋದು. ಚೀಲ ಇಡ್ಕಂಡು ಕ್ಯೂನಾಗೆ ನಿಂತಾಗ ಕಿವಿ ಎಲ್ಲಿರ್ತದೆ? ಬೇಡ ಅಂದ್ರೆ ಏನಾಯ್ತದೋ ನೋಡವ ಅಂತ ಅಕ್ಕಿ ಮಡಿಕಂಡು ಆಟ ಆಡಕಾಯ್ತದಾ?" ಅಂದಳು ಚಿಕ್ಕಬೀರಮ್ಮ. ಸ್ವಲ್ಪ ತಡೆದು, "ಅದ್ಯಾಕೆ ಈಗ ಕೇಳ್ತಿದ್ದೀರಿ? ನಮ್ಮ ಕಾರ್ಡ್ಗೇನಾದ್ರೂ ತೊಂದ್ರೆ ಆಯ್ತದಾ?" ಎಂದಳು.

"ಏನೂ ಇಲ್ಲ," ಅಂದೆ. ಅವಳು ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

ಷಣ್ಮುಖಪ್ಪನನ್ನು ಹುಡುಕಬೇಕಾಗಲಿಲ್ಲ. ನ್ಯಾಯಬೆಲೆ ಅಂಗಡಿ ನಡೆಸುವವನೇ ಅವನು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಖಾಲಿ ಅಂಗಡಿಯ ಬಾಗಿಲಲ್ಲಿ ಪತ್ರಿಕೆ ಓದುತ್ತಾ ಕೂತಿದ್ದ. ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಕಳ್ಳನ ಮುಖ ಅವನಿಗಿರಲಿಲ್ಲ. ಎದ್ದು ಕುರ್ಚಿ ಕೊಟ್ಟ.

"ಮನೆಮನೆ ಸುತ್ತುದ್ರೆ ಮೂರು ತಿಂಗ್ಳಾಯ್ತದೆ ಮಗ, ಅಕ್ಕಿ ದಿವ್ಸ ಬಾ, ಎಲ್ಲಾ ಎಂಗಸ್ರೂ ಒಂದೇ ಕಡೆ ಸಿಕ್ತಾರೆ ಅಂದೆ. ನಾನೇ ಟೇಬಲ್ ಆಕ್ಸಿದ್ದು ಮೇಡಮ್ಮಾರೆ," ಅಂದ.

"ಹೆಂಗಸರಿಗೆ ನೀವೇನು ಹೇಳಿದ್ರಿ?"

"ಏನೇಳದು? ಇಲ್ಲೊಂದು ಒತ್ರವ್ವ, ಅಲ್ಲೊಂದು ಒತ್ರವ್ವ ಅಂದೆ. ಒತ್ತುದ್ರು. ಓದೋ ಮಕ್ಳಿಗೆ ನಮ್ಮ ಕೈಲಾದ್ದು ಮಾಡ್ಬೇಕಲ್ವಾ. ನಲವತ್ತೆರಡು ಸೈನು ಆಕಿ ನನ್ನ ಕೈ ಬಿದ್ದೋಯ್ತು." ಕೈಯನ್ನು ಜಾಡಿಸಿ ತೋರಿಸಿ ನಕ್ಕ. ಅವನಿಗೆ ತಾನು ಮಾಡಿದ್ದರಲ್ಲಿ ಸಂತೋಷವಿತ್ತು. ನಾನು ಬೈಯಬೇಕೆಂದು ಹೋದವಳು ಅವನು ಕೊಟ್ಟ ಟೀ ಕುಡಿದು ಎದ್ದು ಬಂದೆ.

ಮಾರನೆಯ ದಿನ ಭಾವನಾಳನ್ನು ಹುಣಸೂರಿಗೆ, ನಮ್ಮ ಮನೆಗೆ ಕರೆಸಿದೆ. ಸೋಫಾದ ತುದಿಯಲ್ಲಿ ಕೂತಳು. ಹೆಬ್ಬೆಟ್ಟು ಅವರದ್ದೇ ಎಂದು ಗೊತ್ತಾಯಿತು ಅಂದೆ. ಅವಳ ಭುಜ ಸಡಿಲವಾಯಿತು. ಆಮೇಲೆ, ಅವರು ಅಕ್ಕಿಗೆಂದು ಒತ್ತಿದರು, ನಿನಗೆಂದು ಒತ್ತಲಿಲ್ಲ ಅಂದೆ.

"ನಾನು ಒಬ್ಬೊಬ್ಬರಿಗೂ ನಾಲ್ಕು ಪುಟಾನೂ ಓದಿದೆ ಮೇಡಂ. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನಾನು ಅಷ್ಟು ಚೆನ್ನಾಗಿ ಹೇಳಿದ್ದೀನಿ ಅಂದ್ಕೊಂಡೆ."

"ನಿನಗೆ ಅನುಮಾನವೇ ಬರಲಿಲ್ವಾ?"

"ಇಲ್ಲ." ಆಮೇಲೆ ತಲೆಯೆತ್ತಿದಳು. ಮೊದಲ ಸಲ ಅವಳ ಕಣ್ಣಲ್ಲಿ ಸಿಟ್ಟು ಕಂಡೆ. "ಹೆಂಗಸರೇ ಸೇರೋ ಕಡೆ ಕೇಳಬೇಕು ಅಂತ ನೀವೇ ಬರೆಸಿದ್ರಿ ಮೇಡಂ, ನಡಾವಳಿಯಲ್ಲಿದೆ. ಆ ಊರಲ್ಲಿ ಸೊಪ್ಪಿನ ಕಾಲದಲ್ಲಿ ಎಲ್ಲಾ ಹೆಂಗಸರೂ ಒಟ್ಟಿಗೆ ಸೇರೋ ಜಾಗ ಇನ್ಯಾವುದಿದೆ? ಅವತ್ತು ಕಮಿಟಿಯಲ್ಲಿ ಅದನ್ನೇ ಹೇಳೋಕೆ ಹೋದೆ. ನೀವು ಬಿಡಲಿಲ್ಲ."

ನನಗೆ ಕೆನ್ನೆಗೆ ಬಾರಿಸಿದಂತಾಯಿತು. ಇಡೀ ಊರನ್ನು ಅನುಮಾನಿಸಿದ್ದೆ, ಷಣ್ಮುಖಪ್ಪನ ಹೆಂಡತಿ ಮಕ್ಕಳ ಬೆರಳನ್ನೂ ಎಣಿಸಿದ್ದೆ. ನಾನು ಆಡಿದ ಮಾತಿನ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ. ಸೊಸೈಟಿಯ ಕ್ಯೂನಲ್ಲಿ ಒಂದು ದಿನವೂ ನಿಲ್ಲದ ಸಾಮಾನ್ಯ ಜನರ ಪ್ರತಿನಿಧಿ ನಾನು.

ಬುಧವಾರ ಸಂಜೆ ವರದಿ ಬರೆಯಲು ಕೂತೆ. ಹೆಬ್ಬೆಟ್ಟುಗಳು ಆ ಹೆಂಗಸರವೇ ಎಂದು ಒಂದು ಸಾಲು. ಆದರೆ ಅದು ಒಪ್ಪಿಗೆಯಲ್ಲ, ಏಕೆಂದರೆ ಬೇಡವೆಂದರೆ ಅಕ್ಕಿ ಸಿಗದೆಂದು ಅವರು ತಿಳಿದಿದ್ದರು ಎಂದು ಇನ್ನೊಂದು ಸಾಲು. ಇಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು. ಜಾಗ ಆರಿಸಿದ ತಪ್ಪು ಭಾವನಾಳ ತಲೆಗೆ ಬರುತ್ತಿತ್ತು, ನೋಂದಣಿ ಉಳಿಯುವುದೂ ಅನುಮಾನವಾಗುತ್ತಿತ್ತು. ನಾನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಬಂದು ಮೂರನೆಯ ಸಾಲು ಬರೆದೆ. ಅಂಥ ಜಾಗದಲ್ಲಿ ಕೇಳಬೇಕೆಂದು ಸೂಚಿಸಿದವಳು ನಾನು, ಸಂಶೋಧಕಿ ಕಮಿಟಿಯ ಮಾತನ್ನು ಪಾಲಿಸಿದ್ದಾಳೆ, ಕಮಿಟಿ ಅದು ಯಾವ ಜಾಗವೆಂದು ಕೇಳದೆ ಒಪ್ಪಿಗೆ ಕೊಟ್ಟಿದೆ.

ಗುರುವಾರ ಅದನ್ನು ಓದಿದಾಗ ಶಿವಶಂಕರ, "ಈ ಮೂರನೇದು ಬೇಕಾ ಮೇಡಂ?" ಎಂದು ಮೆಲ್ಲಗೆ ಕೇಳಿದರು. ಬೇಕು ಅಂದೆ. ನೋಂದಣಿ ಉಳಿಯಿತು. ಆದರೆ ನಲವತ್ತೆರಡು ಜನರನ್ನೂ ಹೊಸದಾಗಿ ಕೇಳಬೇಕು, ಬೇಡವೆಂದವರ ರಕ್ತವನ್ನೂ ಅದರಿಂದ ಬಂದ ಅಂಕಿಯನ್ನೂ ತೆಗೆದುಹಾಕಬೇಕು, ಈ ಸಲ ಸಾಕ್ಷಿಯಾಗಿ ನಾನು ಹೋಗಬೇಕು ಎಂದು ತೀರ್ಮಾನವಾಯಿತು.

ಸೆಪ್ಟೆಂಬರಿನ ಕೊನೆಯ ವಾರ ಹೋದೆವು. ಅಕ್ಕಿ ಕೊಟ್ಟು ಮುಗಿದಿದೆ ಎಂದು ಷಣ್ಮುಖಪ್ಪನಿಗೆ ಫೋನು ಮಾಡಿ ತಿಳಿದುಕೊಂಡೇ ಹೊರಟೆವು. ಬಸ್ಸಿನಲ್ಲಿ ಭಾವನಾ ಕಿಟಕಿಯಾಚೆ ನೋಡುತ್ತಾ ಹೇಳಿದಳು, "ಚಿಕ್ಕಬೀರಮ್ಮನವರ ರಕ್ತದಲ್ಲೇ ವಿಷ ಎಲ್ಲರಿಗಿಂತ ಜಾಸ್ತಿ ಇರೋದು ಮೇಡಂ. ಅದೊಂದು ಇದ್ರೆ ನನ್ನ ಮಾತಿಗೆ ಬಲ ಬರುತ್ತೆ." ಅವಳ ಮಾತಿಗೆ ಬಲ ಬರಲೆಂದು ನನಗೂ ಆಸೆಯಿತ್ತು.

ಚಪ್ಪರಕ್ಕೆ ಚಪ್ಪರ ಸುತ್ತಿದೆವು. ಭಾವನಾ ನೆಲದ ಮೇಲೆ ಕೂತು, ಎಲೆ ಎತ್ತಿಕೊಡುತ್ತಾ ಮಾತಾಡಿದಳು. ನಾಲ್ಕು ಪುಟವನ್ನು ಓದಲಿಲ್ಲ, ಬಾಯಲ್ಲೇ ಹೇಳಿದಳು. ಈ ಸಲ ಪ್ರಶ್ನೆಗಳು ಬಂದವು. ರಕ್ತ ಯಾರಿಗೆ ಮಾರ್ತೀರಿ ಎಂದು ಒಬ್ಬಳು ಕೇಳಿದಳು. ಇದು ಬರೆದರೆ ಸರ್ಕಾರದವರು ಸೊಪ್ಪು ಬೆಳೆಯೋದು ನಿಲ್ಲಿಸ್ತಾರಾ ಎಂದು ಇನ್ನೊಬ್ಬಳು. ಎರಡು ದಿನದಲ್ಲಿ ಹತ್ತೊಂಬತ್ತು ಜನ ಆಗಲಿ ಅಂದರು. ಇಪ್ಪತ್ತೆರಡು ಜನ ಬೇಡ ಅಂದರು. ಒಂದೊಂದು ಬೇಡಕ್ಕೂ ಭಾವನಾಳ ಮುಖ ಸಣ್ಣದಾಗುತ್ತಿತ್ತು. ಆದರೂ ಯಾರನ್ನೂ ಎರಡನೆಯ ಸಲ ಕೇಳಲಿಲ್ಲ.

ಉಳಿದವಳು ಚಿಕ್ಕಬೀರಮ್ಮ.

"ನನ್ನ ರಕ್ತದಾಗೆ ಏನಿತ್ತು?" ಎಂದು ಅವಳೇ ಮೊದಲು ಕೇಳಿದಳು.

"ಸೊಪ್ಪಿನ ವಿಷ ಜಾಸ್ತಿ ಇದೆ ಅಮ್ಮ. ನಿಮ್ಮ ತಲೆಸುತ್ತು ಅದರಿಂದಲೇ. ಕೈಗೆ ಗವಸು ಹಾಕ್ಕೋಬೇಕು, ಒದ್ದೆ ಎಲೆ ಮುಟ್ಟಬಾರದು," ಅಂದಳು ಭಾವನಾ. ನಾನು ಮೆಚ್ಚಿದೆ. ಒಪ್ಪಿದರೆ ಹೇಳುತ್ತೇನೆ ಅನ್ನಬಹುದಿತ್ತು, ಅನ್ನಲಿಲ್ಲ.

"ಅದು ನನ್ಗೆ ಗೊತ್ತಿರೋದೇಯ." ಚಿಕ್ಕಬೀರಮ್ಮ ದಾರ ಬಿಗಿದು ಗಂಟು ಹಾಕಿದಳು. "ಈಗ ನಾನು ಬೇಡ ಅಂದ್ರೆ ಅಕ್ಕಿ?"

"ಬರುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಕಾರ್ಡು?"

"ಅದಕ್ಕೂ ಏನೂ ಆಗಲ್ಲ."

ಅವಳು ಭಾವನಾಳನ್ನು ನೋಡಿದಳು, ನನ್ನನ್ನು ನೋಡಿದಳು. "ಅಂಗಾದ್ರೆ ಬೇಡ ಕಣವ್ವ. ಆವತ್ತು ಯೋಳ್ದೆ ಕೇಳ್ದೆ ತಗಂಡ್ರಿ. ನನ್ಗೆ ಬೇಜಾರಾಯ್ತು. ಅದುನ್ನ ಚೆಲ್ಬುಡಿ."

ಭಾವನಾ ತಲೆ ತಗ್ಗಿಸಿ, ಆಯ್ತಮ್ಮ ಅಂದಳು. ಹಾಳೆಗಳನ್ನು ಚೀಲಕ್ಕೆ ಹಾಕತೊಡಗಿದಳು.

"ಎಲ್ಲಿ ಒತ್ಬೇಕು?" ಅಂದಳು ಚಿಕ್ಕಬೀರಮ್ಮ.

"ಬೇಡ ಅಂದವರು ಎಲ್ಲೂ ಒತ್ತೋದು ಬೇಡ," ಎಂದು ನಾನು ಹೇಳಿದೆ.

"ಒತ್ತಿಸ್ಕಳ್ದೆ ನೀವು ಒಂಟೋದ್ರೆ, ನಾಳೀಕೆ ಚಿಕ್ಕಬೀರಮ್ಮ ಊ ಅಂದ್ಲು ಅಂತ ಬರ್ಕಂಡ್ರೆ ನಾನೇನ್ ಮಾಡ್ಲಿ? ಬೇಡ ಅಂತ ಬರೀರಿ. ಬರ್ದು ಓದಿ. ಆಮ್ಯಾಕೆ ಒತ್ತೀನಿ."

ಮೂ‌ವತ್ತೊಂದು ವರ್ಷದ ನನ್ನ ಅನುಮಾನ ಅವಳ ಮುಂದೆ ಏನೂ ಅಲ್ಲ. ಅವಳಿಗೆ ಕಾರಣವಿತ್ತು. ಒಂದು ಬಿಳಿ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ, ಬೀರನಕೊಪ್ಪಲಿನ ಚಿಕ್ಕಬೀರಮ್ಮ ಒಪ್ಪಿಲ್ಲ. ಓದಿದೆ. ಇನ್ನೊಂದು ಸಲ ಓದಿ ಅಂದಳು, ಓದಿದೆ. ಪಕ್ಕದ ಹೆಂಗಸಿನ ಮಗಳು ಹೈಸ್ಕೂಲು ಓದಿದವಳು, ಅವಳಿಗೂ ತೋರಿಸಿ ಅದನ್ನೇ ಬರೆದಿದೆಯೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಕಪ್ಪು ಬೆರಳನ್ನು ಸೀರೆಗೂ ಒರೆಸದೆ ಒತ್ತಿದಳು.

ಅಕ್ಟೋಬರಿನ ಸಭೆಯಲ್ಲಿ ಶಿವಶಂಕರ ಆ ಹಾಳೆಯನ್ನು ಬೆಳಕಿಗೆ ಹಿಡಿದರು. "ಇದರಲ್ಲಿ ಒಂದು ಗೆರೆಯೂ ಕಾಣ್ತಿಲ್ಲ ಮೇಡಂ. ಯಾರದ್ದು ಅಂತ ಹೇಗೆ ನಂಬೋದು?"

ಕೆಳಗೆ ನೋಡಿ ಅಂದೆ. ಕೆಳಗೆ ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಇತ್ತು.